ಓದುವವರು ಯಾರು? ಬರೆಯುವ ಮೊದಲು ಕೇಳಬೇಕಾದ ಪ್ರಶ್ನೆ



ತಾಂತ್ರಿಕ ಬರಹ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಇಂಜಿನಿಯರ್‌ಗಳು, ಸಾಫ್ಟ್‌ವೇರ್ ಕಂಪನಿಗಳು ಮತ್ತು ದಪ್ಪ ದಪ್ಪ ಕೈಪಿಡಿಗಳು. ಅದು ನಮಗೆ ಸಂಬಂಧಿಸಿದ್ದಲ್ಲ, ಡಿಗ್ರಿ ಮುಗಿದ ಮೇಲೆ ನೋಡಿಕೊಂಡರಾಯಿತು ಎಂದುಕೊಳ್ಳುತ್ತೇವೆ. ಸ್ವಲ್ಪ ಸುತ್ತಮುತ್ತ ನೋಡಿ. ಮಾತ್ರೆಯ ಡಬ್ಬಿಯೊಳಗೆ ಮಡಚಿಟ್ಟ ಕಾಗದ, ಪ್ರೆಷರ್ ಕುಕ್ಕರ್ ಜೊತೆ ಬರುವ ಪುಸ್ತಿಕೆ, ಲ್ಯಾಬಿನ ಗೋಡೆಯ ಮೇಲಿನ ಸೂಚನೆ, ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕ್ರಮ, ಇವೆಲ್ಲವೂ ತಾಂತ್ರಿಕ ಬರಹಗಳೇ. ಓದಿದವರು ಒಂದು ಕೆಲಸವನ್ನು ಸರಿಯಾಗಿ ಮಾಡಲು ನೆರವಾಗುವ ಬರಹ ಯಾವುದೇ ಇರಲಿ, ಅದು ತಾಂತ್ರಿಕ ಬರಹ.

ಇಂಥ ಬರಹವನ್ನು ಕಲಿಸುವವರು ಮೊದಲ ಪಾಠವಾಗಿ ಹೇಳುವುದು ಓದುಗರ ವಿಶ್ಲೇಷಣೆಯನ್ನು. ಬರೆಯಲು ಕೂರುವ ಮುನ್ನ ಇದನ್ನು ಯಾರು ಓದುತ್ತಾರೆ, ಅವರಿಗೆ ಏನು ಗೊತ್ತಿದೆ, ಓದಿ ಏನು ಮಾಡಬೇಕಿದೆ ಎಂದು ತಿಳಿದುಕೊಳ್ಳುವುದು. ಕೇಳಲು ತೀರ ಸರಳವಾದ ಮಾತು. ಆದರೆ ಇದನ್ನು ಮರೆತರೆ ಏನಾಗುತ್ತದೆ ಎಂಬುದನ್ನು ನಾನು ನಮ್ಮ ಮನೆಯಲ್ಲೇ ನೋಡಿದೆ.

ಒಂದು ಪ್ಯಾಕೆಟ್, ಒಂದು ಲೋಟ

ನಾನು ಪ್ರಥಮ ಪಿಯುಸಿಯಲ್ಲಿದ್ದಾಗ, ಬೇಸಿಗೆಯ ಒಂದು ಮಧ್ಯಾಹ್ನ. ನಮ್ಮ ಖಾಲಾ ಅವರ ಒಂದೂವರೆ ವರ್ಷದ ಮಗುವಿಗೆ ಬೆಳಗಿನಿಂದ ಭೇದಿ. ಮೆಡಿಕಲ್ ಅಂಗಡಿಯಿಂದ ಓಆರ್‌ಎಸ್ ಪ್ಯಾಕೆಟ್ ತರಿಸಿದ್ದರು. ಖಾಲಾ ಅದನ್ನು ಕತ್ತರಿಸಿ, ಒಂದು ಸ್ಟೀಲ್ ಲೋಟ ನೀರಿಗೆ ಪೂರ್ತಿ ಸುರಿದು, ಚೆನ್ನಾಗಿ ಕಲಸಿ, ಮಗುವಿಗೆ ಚಮಚದಿಂದ ಕುಡಿಸುತ್ತಾ ಕುಳಿತರು. ಮಗು ಮುಖ ತಿರುಗಿಸುತ್ತಿತ್ತು. ವಾಂತಿ ಮಾಡಿತು. ಮತ್ತೆ ಬಾಯಾರಿಕೆಯಿಂದ ಅಳುತ್ತಿತ್ತು. ಔಷಧ ಕಹಿಯೇ ಇರುತ್ತದೆ, ಕುಡಿಯಲೇಬೇಕು ಎಂದು ಖಾಲಾ ಮತ್ತೆ ಮತ್ತೆ ಕುಡಿಸಿದರು.

ಸಂಜೆ ಪಕ್ಕದ ಬೀದಿಯ ಆಶಾ ಕಾರ್ಯಕರ್ತೆ ಬಂದು ಲೋಟ ನೋಡಿದವರೇ ಗಾಬರಿಯಾದರು. ಆ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಹಾಕಬೇಕಾದದ್ದು. ಕೂಡಲೇ ಮಗುವನ್ನು ಆಸ್ಪತ್ರೆಗೆ ಕರೆದೊಯ್ದರು. ಅಲ್ಲಾಹನ ದಯೆಯಿಂದ ಮಗು ಎರಡು ದಿನಗಳಲ್ಲಿ ಚೇತರಿಸಿಕೊಂಡಿತು. ಈಗ ಮನೆತುಂಬಾ ಓಡಾಡುತ್ತಿದೆ.

ಪ್ಯಾಕೆಟ್ ಮೇಲೆ ತಪ್ಪೇನೂ ಇರಲಿಲ್ಲ. ಒಂದು ಲೀಟರ್ ನೀರಿನಲ್ಲಿ ಕರಗಿಸಿ ಎಂದು ಸ್ಪಷ್ಟವಾಗಿಯೇ ಬರೆದಿತ್ತು. ಆದರೆ ಬರೆದದ್ದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ. ಖಾಲಾ ಉರ್ದು ಓದುತ್ತಾರೆ, ಕನ್ನಡ ಅಕ್ಷರ ಕೂಡಿಸಿ ಓದುತ್ತಾರೆ, ಇಂಗ್ಲಿಷ್ ಬರುವುದಿಲ್ಲ. ಮನೆಯಲ್ಲಿ ಅದನ್ನು ಓದಬಲ್ಲವನು ನಾನೊಬ್ಬನೇ. ನಾನು ಪಕ್ಕದ ಕೋಣೆಯಲ್ಲಿ ದ್ರಾವಣಗಳ ಸಾರತೆಯ ಲೆಕ್ಕ ಮಾಡುತ್ತಾ ಕುಳಿತಿದ್ದೆ.

ಆ ಲೆಕ್ಕವನ್ನು ಆಮೇಲೆ ಮಾಡಿ ನೋಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದ ಪ್ರಕಾರ ಒಂದು ಲೀಟರಿನ ಪ್ಯಾಕೆಟ್‌ನಲ್ಲಿ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್, ಒಟ್ಟು 20.5 ಗ್ರಾಂ ಇರುತ್ತದೆ. ಒಂದು ಲೀಟರಿನಲ್ಲಿ ಕರಗಿಸಿದರೆ ಸೋಡಿಯಂ 75 ಮಿಲಿಮೋಲ್. ಅದನ್ನೇ 200 ಮಿಲಿಲೀಟರ್ ಲೋಟದಲ್ಲಿ ಕರಗಿಸಿದರೆ ಲೀಟರಿಗೆ 375 ಮಿಲಿಮೋಲ್ ಆಗುತ್ತದೆ. ನಮ್ಮ ರಕ್ತದಲ್ಲಿ ಇರುವುದು ಲೀಟರಿಗೆ 135ರಿಂದ 145. ಸಮುದ್ರದ ನೀರಿನಲ್ಲಿ ಸುಮಾರು 470. ಇಷ್ಟು ಗಾಢವಾದ ದ್ರಾವಣ ಕರುಳಿಗೆ ಇಳಿದರೆ ಆಸ್ಮಾಸಿಸ್ ನಿಯಮದಂತೆ ದೇಹದ ನೀರನ್ನೇ ಕರುಳಿನತ್ತ ಎಳೆಯುತ್ತದೆ. ನೀರು ತುಂಬಲು ಕೊಟ್ಟ ಔಷಧ ನೀರು ಕಸಿಯುತ್ತದೆ. ರಕ್ತದಲ್ಲಿ ಸೋಡಿಯಂ ಏರಿದರೆ ಮಿದುಳಿಗೂ ಅಪಾಯ. ಔಷಧ ಸರಿ ಇತ್ತು, ಬರಹವೂ ಸರಿ ಇತ್ತು. ಬರಹ ಮತ್ತು ಓದುಗರ ನಡುವಿನ ದಾರಿ ಕಡಿದುಹೋಗಿತ್ತು.

ನಾನು ಮಾಡಿದ ತಪ್ಪು

ಈ ವರ್ಷ ನಮ್ಮ ಎನ್‌ಎಸ್‌ಎಸ್ ಶಿಬಿರದಲ್ಲಿ ಓಆರ್‌ಎಸ್ ಬಗ್ಗೆ ಒಂದು ಕರಪತ್ರ ಮಾಡಬೇಕೆಂದು ತೀರ್ಮಾನವಾದಾಗ ನಾನೇ ಬರೆಯುತ್ತೇನೆ ಎಂದು ಮುಂದೆ ಬಂದೆ. ಕಾರಣ ಹೇಳಬೇಕಾಗಿಲ್ಲ. ಎರಡು ದಿನ ಕೂತು ಬರೆದೆ. ಅದರ ಮೊದಲ ವಾಕ್ಯ ಹೀಗಿತ್ತು: "ಅತಿಸಾರದಿಂದ ಉಂಟಾಗುವ ನಿರ್ಜಲೀಕರಣವನ್ನು ತಡೆಗಟ್ಟಲು ಮೌಖಿಕ ಪುನರ್ಜಲೀಕರಣ ಲವಣ ದ್ರಾವಣವನ್ನು ಸೂಕ್ತ ಸಾರತೆಯಲ್ಲಿ ತಯಾರಿಸಿ ಸೇವಿಸತಕ್ಕದ್ದು."

ಬರೆದು ಮುಗಿಸಿದಾಗ ನನಗೆ ಹೆಮ್ಮೆಯಾಗಿತ್ತು. ಇಂಗ್ಲಿಷ್ ಬಿಟ್ಟು ಕನ್ನಡದಲ್ಲಿ ಬರೆದಿದ್ದೇನೆ, ಇನ್ನೇನು ಬೇಕು? ಮನೆಯಲ್ಲಿ ನಾನಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿ, "ಮದುವೆಯ ಕಾಗದ ಓದಿದ ಹಾಗಿದೆ, ಏನು ಮಾಡಬೇಕು ಅಂತ ಹೇಳು" ಎಂದರು. ಪ್ಯಾಕೆಟ್ ಮಾಡಿದವರು ಇಂಗ್ಲಿಷಿನಲ್ಲಿ ಮಾಡಿದ ತಪ್ಪನ್ನು ನಾನು ಕನ್ನಡದಲ್ಲಿ ಮಾಡಿದ್ದೆ. ಅವರ ಮನಸ್ಸಿನಲ್ಲಿ ಖಾಲಾ ಇರಲಿಲ್ಲ. ನನ್ನ ಮನಸ್ಸಿನಲ್ಲಿ ಇದ್ದದ್ದು ಖಾಲಾ ಎಂದುಕೊಂಡಿದ್ದೆ. ನಿಜವಾಗಿ ಇದ್ದದ್ದು ನಮ್ಮ ಪರೀಕ್ಷೆಯ ಮೌಲ್ಯಮಾಪಕರು.

ನಮ್ಮ ರಸಾಯನಶಾಸ್ತ್ರ ಉಪನ್ಯಾಸಕರಿಗೆ ತೋರಿಸಿದೆ. ಅವರು ತಿದ್ದಲಿಲ್ಲ. "ಬಾಂಗ್ಲಾದೇಶದಲ್ಲಿ ಇದೇ ವಿಷಯವನ್ನು ಓದು ಬರದ ತಾಯಂದಿರಿಗೆ ಹೇಗೆ ಕಲಿಸಿದರು ಎಂದು ಓದಿಕೊಂಡು ಬಾ" ಎಂದರು. ಆ ಕಥೆಯನ್ನು ನಿಮಗೂ ಹೇಳಬೇಕು.

ಚಿಟಿಕೆ, ಮುಷ್ಟಿ, ಅರ್ಧ ಸೇರು

ಉಪ್ಪು ಮತ್ತು ಗ್ಲೂಕೋಸ್ ಒಟ್ಟಿಗೆ ಇದ್ದರೆ ಕರುಳು ಸೋಡಿಯಂ ಹೀರಿಕೊಳ್ಳುತ್ತದೆ, ಅದರ ಹಿಂದೆಯೇ ನೀರೂ ಒಳಗೆ ಹೋಗುತ್ತದೆ. ಈ ಜೋಡಿ ಸಾಗಣೆಯ ತತ್ವವನ್ನು 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಮುಂದಿಟ್ಟರು. 1971ರಲ್ಲಿ ಬಾಂಗ್ಲಾ ವಿಮೋಚನಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳಕ್ಕೆ ಬಂದಾಗ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್‌ನ ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿಯುತ್ತಾ ಬಂತು. ಆಗ ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್‌ಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರೇ ಲೋಟದಲ್ಲಿ ಹಿಡಿದು ಕುಡಿಸುವಂತೆ ಮಾಡಿದರು. ಸುಮಾರು ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಅವರ ಆರೈಕೆಯಲ್ಲಿದ್ದವರಲ್ಲಿ ಶೇಕಡಾ 3.6ಕ್ಕೆ ಇಳಿಯಿತು. 2023ರಲ್ಲಿ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ಬಂತು.

ಔಷಧ ಸಿಕ್ಕಿತು. ಅದನ್ನು ಹಳ್ಳಿಯ ಪ್ರತಿ ಮನೆಗೆ ಮುಟ್ಟಿಸುವುದು ಹೇಗೆ? ಬಾಂಗ್ಲಾದೇಶದಲ್ಲಿ ಈ ಕೆಲಸಕ್ಕೆ ಇಳಿದದ್ದು ಫಜ್ಲೆ ಹಸನ್ ಅಬೇದ್ ಅವರು 1972ರಲ್ಲಿ ಕಟ್ಟಿದ ಬ್ರ್ಯಾಕ್ ಸಂಸ್ಥೆ. ಹಳ್ಳಿಯ ಬಹುಪಾಲು ತಾಯಂದಿರಿಗೆ ಓದು ಬರುತ್ತಿರಲಿಲ್ಲ. ಪ್ಯಾಕೆಟ್ ಎಲ್ಲ ಕಡೆ ಸಿಗುತ್ತಿರಲಿಲ್ಲ. ತಕ್ಕಡಿ, ಲೀಟರ್ ಅಳತೆ ಮನೆಯಲ್ಲಿ ಇರಲಿಲ್ಲ. ಚಮಚ ಇದ್ದರೂ ಒಂದು ಮನೆಯದು ಇನ್ನೊಂದು ಮನೆಯದರ ಹಾಗೆ ಇರಲಿಲ್ಲ.

ಹಾಗಾದರೆ ಎಲ್ಲ ಮನೆಯಲ್ಲೂ ಇದ್ದದ್ದೇನು? ಉಪ್ಪು, ಬೆಲ್ಲ, ನೀರು ಮತ್ತು ತಾಯಿಯ ಕೈ. ಆದ್ದರಿಂದ ಅಳತೆಯನ್ನು ಕೈಯಿಂದಲೇ ಹೇಳಿದರು: ಮೂರು ಬೆರಳಿನ ಒಂದು ಚಿಟಿಕೆ ಉಪ್ಪು, ಒಂದು ಮುಷ್ಟಿ ಬೆಲ್ಲ, ಅರ್ಧ ಸೇರು ನೀರು. ಅರ್ಧ ಸೇರು ಎಂದರೆ ಅರ್ಧ ಲೀಟರಿಗೆ ತುಸು ಕಡಿಮೆ. ಪಾತ್ರೆಗಳು ಬೇರೆ ಬೇರೆ ಆಗಿದ್ದರಿಂದ ಕಾರ್ಯಕರ್ತೆಯರು ಆಯಾ ಮನೆಯ ಪಾತ್ರೆಯ ಮೇಲೇ ಅರ್ಧ ಸೇರಿನ ಗುರುತು ಮಾಡಿಕೊಟ್ಟರು. ತಾಯಿ ಎದುರಿಗೇ ತಯಾರಿಸಿ ತೋರಿಸಬೇಕಿತ್ತು. ಮನೆಗಳಲ್ಲಿ ಮಾಡಿದ ದ್ರಾವಣದ ಮಾದರಿಗಳನ್ನು ಪ್ರಯೋಗಾಲಯಕ್ಕೆ ಒಯ್ದು ಉಪ್ಪಿನ ಅಂಶ ಸುರಕ್ಷಿತ ಮಿತಿಯಲ್ಲಿದೆಯೇ ಎಂದು ಪರೀಕ್ಷಿಸುತ್ತಿದ್ದರು. 1980ರಿಂದ 1990ರವರೆಗೆ ಹೀಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹೋಗಿ ಕಲಿಸಿದರು.

ನನಗೆ ಅತ್ಯಂತ ಮುಖ್ಯ ಅನಿಸಿದ್ದು ಸಂಬಳದ ವಿಷಯ. ಕಾರ್ಯಕರ್ತೆ ಎಷ್ಟು ಮನೆಗೆ ಹೋದಳು ಎಂದು ಎಣಿಸಿ ಹಣ ಕೊಡಲಿಲ್ಲ. ಕೆಲವು ವಾರಗಳ ನಂತರ ಬೇರೊಬ್ಬರು ಹೋಗಿ, ಕೆಲವು ಮನೆಗಳನ್ನು ಆರಿಸಿ, ತಾಯಿಗೆ ಎಷ್ಟು ನೆನಪಿದೆ, ದ್ರಾವಣ ಸರಿಯಾಗಿ ಮಾಡುತ್ತಾಳೆಯೇ ಎಂದು ನೋಡುತ್ತಿದ್ದರು. ಅದರ ಮೇಲೆ ಕಾರ್ಯಕರ್ತೆಯ ಸಂಬಳ. ಅಂದರೆ ಹೇಳಿದವರು ಏನು ಹೇಳಿದರು ಎಂಬುದಕ್ಕೆ ಅಂಕವಿಲ್ಲ, ಕೇಳಿದವರ ಕೈಯಲ್ಲಿ ಏನು ಉಳಿಯಿತು ಎಂಬುದಕ್ಕೆ ಅಂಕ.

ಕಲಿತರು, ಆದರೆ ಬಳಸಲಿಲ್ಲ

ಇಷ್ಟೆಲ್ಲ ಮಾಡಿದರೂ ಶುರುವಿನಲ್ಲಿ ಒಂದು ವಿಚಿತ್ರ ಕಂಡಿತು. ತಾಯಂದಿರು ಕೇಳಿದರೆ ಸರಿಯಾಗಿ ಹೇಳುತ್ತಿದ್ದರು, ಸರಿಯಾಗಿ ಮಾಡಿಯೂ ತೋರಿಸುತ್ತಿದ್ದರು. ಆದರೆ ಮನೆಯಲ್ಲಿ ಮಗುವಿಗೆ ಭೇದಿಯಾದಾಗ ಬಳಸುತ್ತಿದ್ದವರು ತೀರ ಕಡಿಮೆ. ಜನ ಅಜ್ಞಾನಿಗಳು ಎಂದು ಬ್ರ್ಯಾಕ್‌ನವರು ಕೈತೊಳೆದುಕೊಳ್ಳಲಿಲ್ಲ. ಏಕೆ ಎಂದು ವಿಚಾರಿಸುತ್ತಾ ಹೋದರು. ಮೂರು ಕಾರಣಗಳು ಸಿಕ್ಕವು.

ಮೊದಲನೆಯದು ಪದದ ಸಮಸ್ಯೆ. ಸಂದೇಶದಲ್ಲಿ "ಡಯೇರಿಯಾ" ಎಂಬ ಪದವಿತ್ತು. ವೈದ್ಯರಿಗೆ ಅದು ಎಲ್ಲ ಬಗೆಯ ಭೇದಿಗೂ ಒಂದೇ ಹೆಸರು. ಹಳ್ಳಿಯವರಿಗೆ ಹಾಗಲ್ಲ. ಎದೆಹಾಲು ಕುಡಿಯುವ ಕೂಸಿನ ಭೇದಿಗೆ ಒಂದು ಹೆಸರು, ಅಜೀರ್ಣದ ಭೇದಿಗೆ ಇನ್ನೊಂದು, ಲೋಳೆ ಬೀಳುವ ಆಮಶಂಕೆಗೆ ಮತ್ತೊಂದು. ಡಯೇರಿಯಾ ಎಂದರೆ ಅವರಿಗೆ ಕಾಲರಾದಂಥ, ನೀರಿನ ಹಾಗೆ ಹೋಗುವ ಭಯಂಕರ ಭೇದಿ ಮಾತ್ರ. ಆದ್ದರಿಂದ ಉಳಿದ ಮೂರಕ್ಕೆ ಈ ನೀರು ಬೇಕಿಲ್ಲ ಎಂದು ಅವರು ತಿಳಿದುಕೊಂಡರು. ಅವರು ಸೂಚನೆಯನ್ನು ಮೀರಿರಲಿಲ್ಲ, ತಮಗೆ ಅರ್ಥವಾದಂತೆ ಅಕ್ಷರಶಃ ಪಾಲಿಸಿದ್ದರು.

ಎರಡನೆಯದು, ಗಂಡಸರನ್ನು ಬಿಟ್ಟು ಕೇವಲ ತಾಯಂದಿರಿಗೆ ಹೇಳಿದ್ದು. ಸಂತೆಗೆ ಹೋಗುವವರು, ವೈದ್ಯರ ಬಳಿಗೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸುವವರು ಗಂಡಸರು. ಅವರಿಗೆ ಗೊತ್ತಿಲ್ಲದ ವಿಷಯ ಮನೆಯಲ್ಲಿ ನಡೆಯುವುದು ಕಷ್ಟ. ಆಮೇಲೆ ಗಂಡಸರ ಸಭೆಗಳನ್ನೂ ನಡೆಸಿದರು. ಮಸೀದಿ, ಶಾಲೆ, ಸಂತೆಗಳಲ್ಲೂ ಈ ಮಾತು ಬಂತು.

ಮೂರನೆಯದು, ಕಲಿಸುವ ಕಾರ್ಯಕರ್ತರಲ್ಲೇ ಹಲವರಿಗೆ ಇದರಲ್ಲಿ ನಂಬಿಕೆ ಇರಲಿಲ್ಲ. ಅವರಿಗೇ ಭೇದಿಯಾದಾಗ ಮಾತ್ರೆ ನುಂಗುತ್ತಿದ್ದರು. ಕೇಳುವವರಿಗೆ ಇದು ತಿಳಿಯದೇ ಇರುತ್ತದೆಯೇ? ಆದ್ದರಿಂದ ಈ ದ್ರಾವಣ ದೇಹದೊಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ಕಾರ್ಯಕರ್ತರಿಗೆ ಮೊದಲು ಮನವರಿಕೆ ಮಾಡಿಕೊಟ್ಟರು.

ನಮ್ಮ ಕರಪತ್ರ ಬದಲಾದದ್ದು

ಇದನ್ನು ಓದಿದ ಮೇಲೆ ನನ್ನ ಕರಪತ್ರವನ್ನು ಬದಿಗಿಟ್ಟು, ನಾವು ನಾಲ್ವರು ಸ್ವಯಂಸೇವಕರು ಶಿಬಿರದ ಊರಿಗೆ ಒಂದು ಭಾನುವಾರ ಮುಂಚಿತವಾಗಿ ಹೋದೆವು. ಬರೆಯಲು ಅಲ್ಲ, ನೋಡಲು.

ಹಗಲು ಹೊತ್ತು ಮನೆಯಲ್ಲಿ ಇರುವವರು ಹೆಂಗಸರು ಮತ್ತು ಮಕ್ಕಳು. ಹಲವು ಮನೆಗಳಲ್ಲಿ ಹೆಂಗಸರು ಊದುಬತ್ತಿ ಹೊಸೆಯುತ್ತಾರೆ. ಕೈಗೆ ಕರಿ ಹಿಟ್ಟು ಮೆತ್ತಿಕೊಂಡಿರುತ್ತದೆ, ಕಾಗದ ಹಿಡಿಯುವ ಸ್ಥಿತಿಯಲ್ಲಿ ಇರುವುದಿಲ್ಲ. ಏನಾದರೂ ಓದಬೇಕಾದರೆ ಶಾಲೆಗೆ ಹೋಗುವ ಮಗಳನ್ನೋ ಮಗನನ್ನೋ ಕರೆದು ಓದಿಸುತ್ತಾರೆ. ನಮ್ಮ ನಿಜವಾದ ಓದುಗ ಆರನೇ ತರಗತಿಯ ಹುಡುಗಿ, ಅವಳು ಗಟ್ಟಿಯಾಗಿ ಓದಿದ್ದನ್ನು ಕೇಳಿ ಕೆಲಸ ಮಾಡುವವರು ತಾಯಿ ಎಂದು ನಮಗೆ ಅಂದು ಹೊಳೆಯಿತು.

ಭೇದಿಗೆ ಏನೆನ್ನುತ್ತೀರಿ ಎಂದು ಕೇಳಿದೆವು. ಕೆಲವರು ಭೇದಿ ಎಂದರು, ಕೆಲವರು ಹೊಟ್ಟೆ ಕೆಟ್ಟಿದೆ ಎಂದರು, ನಮ್ಮವರು ಜುಲಾಬ್ ಎಂದರು. ಅತಿಸಾರ ಎಂದವರು ಒಬ್ಬರೂ ಇಲ್ಲ. ಒಂದು ಲೀಟರ್ ಎಂದರೆ ಎಷ್ಟು, ತೋರಿಸಿ ಎಂದೆವು. ಒಬ್ಬೊಬ್ಬರು ಒಂದೊಂದು ಪಾತ್ರೆ ತಂದರು. ಐದು ಲೋಟ ಎಂದು ಬರೆಯೋಣ ಎಂದುಕೊಂಡಿದ್ದೆವು, ಆದರೆ ಒಂದು ಮನೆಯ ಲೋಟ ಇನ್ನೊಂದು ಮನೆಯ ಲೋಟದ ಎರಡರಷ್ಟಿತ್ತು. ಕೊನೆಗೆ ಎಲ್ಲ ಮನೆಯಲ್ಲೂ ಇದ್ದ ಒಂದು ವಸ್ತು ಸಿಕ್ಕಿತು. ಅಂಗಡಿಯಲ್ಲಿ ಕೊಂಡ ಕುಡಿಯುವ ನೀರಿನ ಖಾಲಿ ಬಾಟಲಿ. ಅದು ಸರಿಯಾಗಿ ಒಂದು ಲೀಟರ್. ಬಾಂಗ್ಲಾದ ತಾಯಿಗೆ ಮುಷ್ಟಿ ಇದ್ದಂತೆ ಈ ಊರಿನ ತಾಯಿಗೆ ಆ ಬಾಟಲಿ.

ಹೊಸ ಕರಪತ್ರವನ್ನು ಒಂದು ಗಂಟೆಯಲ್ಲಿ ಬರೆದೆವು. ಅದು ಹೀಗಿದೆ:

"ಭೇದಿ, ಆಮಶಂಕೆ, ಜುಲಾಬ್, ವಾಂತಿಭೇದಿ, ಯಾವುದೇ ಆಗಲಿ, ಮಗುವಿಗೆ ಓಆರ್‌ಎಸ್ ನೀರು ಕೊಡಿ.
1. ಕೈಯನ್ನು ಸೋಪು ಹಾಕಿ ತೊಳೆಯಿರಿ.
2. ಒಂದು ಲೀಟರ್ ನೀರಿನ ಬಾಟಲಿಯನ್ನು ಚೆನ್ನಾಗಿ ತೊಳೆಯಿರಿ.
3. ಕುದಿಸಿ ಪೂರ್ತಿ ಆರಿಸಿದ ನೀರನ್ನು ಬಾಟಲಿಗೆ ತುಂಬಿ, ಅಷ್ಟನ್ನೂ ಒಂದು ಶುಚಿಯಾದ ಪಾತ್ರೆಗೆ ಸುರಿಯಿರಿ.
4. ಪ್ಯಾಕೆಟ್ ಪೂರ್ತಿ ಹಾಕಿ ಕಲಸಿ. ಸಕ್ಕರೆ, ಉಪ್ಪು, ಹಾಲು ಏನನ್ನೂ ಸೇರಿಸಬೇಡಿ.
5. ಚಮಚದಿಂದ ಸ್ವಲ್ಪ ಸ್ವಲ್ಪ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕುಡಿಸಿ. ಎದೆಹಾಲು ನಿಲ್ಲಿಸಬೇಡಿ.
6. ನಾಳೆ ಇದೇ ಹೊತ್ತಿಗೆ ಉಳಿದದ್ದನ್ನು ಚೆಲ್ಲಿ, ಹೊಸದು ಮಾಡಿ.
7. ಮಗು ಕುಡಿಯದಿದ್ದರೆ, ಮಂಪರು ಬಂದರೆ, ಕಣ್ಣು ಗುಳಿ ಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ."

ಹಂಚುವ ಮೊದಲು ಪರೀಕ್ಷೆ ಮಾಡಿದೆವು. ಒಬ್ಬ ಹುಡುಗಿ ಓದಿದಳು, ಅವಳ ತಾಯಿ ಮಾಡಿದರು, ನಾವು ಬಾಯಿ ಮುಚ್ಚಿಕೊಂಡು ನೋಡಿದೆವು. ಈ ಬಾಯಿ ಮುಚ್ಚಿಕೊಳ್ಳುವುದು ಬಹಳ ಕಷ್ಟದ ಕೆಲಸ. ಆದರೆ ನಾವು ನಡುವೆ ಮಾತಾಡಿದರೆ ಪರೀಕ್ಷೆ ಕೆಟ್ಟಿತು, ಏಕೆಂದರೆ ನಾಳೆ ಕರಪತ್ರದ ಜೊತೆ ನಾವು ಇರುವುದಿಲ್ಲ.

ಎರಡನೇ ಮನೆಯಲ್ಲೇ ನಮ್ಮ ತಪ್ಪು ಬಯಲಾಯಿತು. ಆ ತಾಯಿ ಒಳಗಿನಿಂದ ತಂದದ್ದು ಸಣ್ಣ ಪ್ಯಾಕೆಟ್. 200 ಮಿಲಿಲೀಟರ್ ನೀರಿಗೆಂದೇ ಮಾಡಿದ ಪ್ಯಾಕೆಟ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ. ನಮ್ಮ ಕರಪತ್ರದಂತೆ ಮಾಡಿದ್ದರೆ ಅದು ಐದು ಪಟ್ಟು ತೆಳುವಾಗುತ್ತಿತ್ತು. ಖಾಲಾ ಮನೆಯಲ್ಲಿ ಆದದ್ದರ ಸರಿಯಾದ ಉಲ್ಟಾ! ಅಂದೇ ಮೂರನೆಯ ಸಾಲಿನ ಮುಂಚೆ ಇನ್ನೊಂದು ಸಾಲು ಸೇರಿಸಿದೆವು: "ಪ್ಯಾಕೆಟ್ ಮೇಲೆ 1 ಲೀಟರ್ ಎಂದು ಇದೆಯೇ, 200 ಮಿಲಿ ಎಂದು ಇದೆಯೇ ನೋಡಿ. 200 ಎಂದಿದ್ದರೆ ಒಂದು ಬಾಟಲಿ ನೀರಿಗೆ ಐದು ಪ್ಯಾಕೆಟ್ ಹಾಕಿ." ಪಕ್ಕದಲ್ಲಿ ಎರಡೂ ಪ್ಯಾಕೆಟ್‌ಗಳ ಚಿತ್ರ ಬಿಡಿಸಿ, ಆ ಅಂಕಿ ಎಲ್ಲಿರುತ್ತದೆ ಎಂದು ಬಾಣದ ಗುರುತು ಹಾಕಿದೆವು. ನಾಲ್ಕನೆಯ ಸಾಲನ್ನೂ ಅದಕ್ಕೆ ತಕ್ಕಂತೆ ತಿದ್ದಿದೆವು. ಓದುಗರ ವಿಶ್ಲೇಷಣೆ ಬರೆಯುವ ಮೊದಲು ಶುರುವಾಗುತ್ತದೆ ನಿಜ, ಆದರೆ ಬರೆದ ಮೇಲೂ ಮುಗಿಯುವುದಿಲ್ಲ ಎಂದು ಆ ತಾಯಿ ಕಲಿಸಿದರು.

ನೀವು ಬರೆಯುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಈ ಅನುಭವದಿಂದ ನಾನು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಆರು ಪ್ರಶ್ನೆಗಳನ್ನು ಬರೆದಿಟ್ಟುಕೊಂಡಿದ್ದೇನೆ. ಯಾವುದೇ ತಾಂತ್ರಿಕ ಬರಹಕ್ಕೆ ಇವು ಹೊಂದುತ್ತವೆ.

ಒಂದು, ಓದುವವರು ಯಾರು? "ಎಲ್ಲರೂ" ಎಂಬುದು ಉತ್ತರವಲ್ಲ. ಒಬ್ಬ ವ್ಯಕ್ತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ.

ಎರಡು, ಅವರಿಗೆ ಈಗಾಗಲೇ ಏನು ಗೊತ್ತಿದೆ? ಗೊತ್ತಿರುವುದನ್ನು ಮತ್ತೆ ಹೇಳಿದರೆ ಬೇಸರ, ಗೊತ್ತಿಲ್ಲದ್ದನ್ನು ಬಿಟ್ಟರೆ ಅಪಾಯ. ತಪ್ಪಾಗಿ ಗೊತ್ತಿರುವುದು ಎಲ್ಲಕ್ಕಿಂತ ಅಪಾಯ. ಔಷಧ ಗಟ್ಟಿಯಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಅಂಥದ್ದು.

ಮೂರು, ಓದಿದ ಮೇಲೆ ಅವರು ಏನು ಮಾಡಬೇಕು? ಆ ಕೆಲಸಕ್ಕೆ ಬೇಡದ ವಾಕ್ಯವನ್ನು ತೆಗೆದುಹಾಕಿ. ನನ್ನ ಮೊದಲ ಕರಪತ್ರದಲ್ಲಿ ಸೋಡಿಯಂ ಸಾಗಣೆಯ ವಿವರಣೆ ಹತ್ತು ಸಾಲು ಇತ್ತು. ಅದು ನಿಮಗೆ ಬೇಕು, ಊದುಬತ್ತಿ ಹೊಸೆಯುವ ತಾಯಿಗೆ ಆ ಹೊತ್ತಿನಲ್ಲಿ ಬೇಡ.

ನಾಲ್ಕು, ಎಲ್ಲಿ, ಯಾವ ಸ್ಥಿತಿಯಲ್ಲಿ ಓದುತ್ತಾರೆ? ಮಂದ ಬೆಳಕಿನಲ್ಲಿಯೇ, ಮಗು ಅಳುತ್ತಿರುವಾಗಲೇ, ಮೊಬೈಲಿನ ಸಣ್ಣ ಪರದೆಯಲ್ಲಿಯೇ? ಅಕ್ಷರದ ಗಾತ್ರ, ವಾಕ್ಯದ ಉದ್ದ ಇದರಿಂದ ತೀರ್ಮಾನವಾಗುತ್ತದೆ.

ಐದು, ಅವರು ಆ ವಿಷಯಕ್ಕೆ ಯಾವ ಪದ ಬಳಸುತ್ತಾರೆ? ನಮ್ಮ ಪದಕ್ಕೂ ಅವರ ಪದಕ್ಕೂ ಅರ್ಥ ಒಂದೇ ಎಂದು ಊಹಿಸಬೇಡಿ, ಕೇಳಿ.

ಆರು, ನಮ್ಮ ಮತ್ತು ಅವರ ನಡುವೆ ಇನ್ನು ಯಾರಿದ್ದಾರೆ? ಓದಿ ಹೇಳುವ ಮಗಳು, ಹಣ ಕೊಡುವ ತಂದೆ, ಒಪ್ಪಿಗೆ ಕೊಡುವ ಅಧಿಕಾರಿ, ಸಲಹೆ ಕೊಡುವ ಅಜ್ಜಿ. ಇವರೂ ಓದುಗರೇ.

ನಮ್ಮ ಕಾಲೇಜಿನಲ್ಲೇ ಶುರು ಮಾಡೋಣ

ಇದಕ್ಕೆಲ್ಲ ಹಳ್ಳಿಗೇ ಹೋಗಬೇಕೆಂದಿಲ್ಲ. ಪ್ರತಿ ವರ್ಷ ಹಿರಿಯ ವಿದ್ಯಾರ್ಥಿಗಳು ಕಿರಿಯರಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕುವ ಕ್ರಮ ಬರೆದು ಗ್ರೂಪಿನಲ್ಲಿ ಹಾಕುತ್ತಾರೆ. "ಆರ್‌ಡಿ ಸಂಖ್ಯೆ ನಮೂದಿಸಿ" ಎಂದು ಒಂದೇ ಸಾಲು. ಆಗಷ್ಟೇ ಹತ್ತನೇ ತರಗತಿ ಮುಗಿಸಿ ಬಂದವರಿಗೆ ಅದು ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲೆ ಇರುವ ಸಂಖ್ಯೆ ಎಂದು ಹೇಗೆ ಗೊತ್ತಾಗಬೇಕು? ಪ್ರಮಾಣಪತ್ರವೇ ಇಲ್ಲದಿದ್ದರೆ ಮೊದಲು ನಾಡಕಚೇರಿಗೆ ಅರ್ಜಿ ಹಾಕಬೇಕು ಎಂದು ಯಾರು ಹೇಳುತ್ತಾರೆ? ಕೊನೆಯ ದಿನ ಗೊತ್ತಾದರೆ ಒಂದು ವರ್ಷದ ವಿದ್ಯಾರ್ಥಿವೇತನ ಹೋದಂತೆ. ಕೆಲವು ಮನೆಗಳಲ್ಲಿ ಅದರ ಜೊತೆಗೆ ಓದೂ ಹೋಗುತ್ತದೆ.

ಲ್ಯಾಬಿನ ಸೂಚನೆಯೂ ಹಾಗೆಯೇ. ಆಮ್ಲವನ್ನು ಸಾರಗುಂದಿಸುವಾಗ ಎಚ್ಚರ ವಹಿಸಿ ಎಂದು ಬರೆದರೆ, ಗೊತ್ತಿದ್ದವರಿಗೆ ಬೇಕಾಗಿಲ್ಲ, ಗೊತ್ತಿಲ್ಲದವರಿಗೆ ಸಾಕಾಗುವುದಿಲ್ಲ. ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರು ಹಾಕಬೇಡಿ ಎಂದರೆ ಮೊದಲ ದಿನ ಲ್ಯಾಬಿಗೆ ಬಂದ ಹುಡುಗನ ಕಣ್ಣು ಉಳಿಯುತ್ತದೆ.

ನಮ್ಮಲ್ಲಿ ಬಹಳಷ್ಟು ಜನ ಮನೆಯಲ್ಲಿ ಮೊದಲ ಬಾರಿಗೆ ಪಿಯುಸಿ ಮುಟ್ಟಿದವರು. ಮನೆಗೆ ಬರುವ ಪ್ರತಿ ಕಾಗದವನ್ನೂ ನಮ್ಮ ಕೈಗೆ ಕೊಟ್ಟು, ಏನಿದೆ ನೋಡು ಎನ್ನುತ್ತಾರೆ. ಆಸ್ಪತ್ರೆಯ ಚೀಟಿ, ಬ್ಯಾಂಕಿನ ನೋಟಿಸ್, ಕರೆಂಟ್ ಬಿಲ್ಲು. ಓದಲು ಬಾರದ ಓದುಗರು ಎಲ್ಲಿ ಎಡವುತ್ತಾರೆ ಎಂಬುದನ್ನು ಪುಸ್ತಕ ಓದಿ ಕಲಿಯಬೇಕಾದ ಅಗತ್ಯ ನಮಗಿಲ್ಲ. ಮುಂದೆ ನಮ್ಮಲ್ಲಿ ಯಾರೋ ಔಷಧದ ಚೀಟಿ ಬರೆಯುತ್ತಾರೆ, ಯಾರೋ ಆಪ್ ಮಾಡುತ್ತಾರೆ, ಯಾರೋ ಸರ್ಕಾರಿ ಅರ್ಜಿಯ ನಮೂನೆ ತಯಾರಿಸುತ್ತಾರೆ. ಆಗ ನಮ್ಮ ಮನೆಯ ಒಬ್ಬರನ್ನು ನೆನಪಿಸಿಕೊಂಡು ಬರೆದರೆ ಸಾಕು.

ಪರಿಷ್ಕೃತ ಕರಪತ್ರದ ಒಂದು ಪ್ರತಿಯನ್ನು ಖಾಲಾ ಅಡುಗೆಮನೆಯ ಗೋಡೆಗೆ ಅಂಟಿಸಿದ್ದಾರೆ. ಅದರ ಕೆಳಗೆ, ನೀರಿನ ಮಟ್ಟಕ್ಕೆ ಗೆರೆ ಎಳೆದ ಒಂದು ಲೀಟರ್ ಬಾಟಲಿ ಇದೆ. ಕಾಲೇಜಿನ ಎನ್‌ಎಸ್‌ಎಸ್ ಕೊಠಡಿಯಲ್ಲಿ ಇನ್ನಷ್ಟು ಪ್ರತಿಗಳಿವೆ, ಬೇಕಾದವರು ತೆಗೆದುಕೊಂಡು ಹೋಗಬಹುದು. ಮನೆಯಲ್ಲಿ ಓದಿಸಿ ನೋಡಿ. ಎಲ್ಲಿ ಅರ್ಥವಾಗಲಿಲ್ಲ ಎಂದು ಅವರು ಹೇಳುತ್ತಾರೋ ಅದನ್ನು ಬರೆದು ನಮಗೆ ತಂದುಕೊಡಿ, ಮುಂದಿನ ಬಾರಿ ಮುದ್ರಿಸುವಾಗ ತಿದ್ದುತ್ತೇವೆ.